ಕಟಗಿ ಕುದರಿಗೆ ಹಾಕಿದ ಹುಲ್ಲು

ಏನ್ರಿ,

ವರ್ಕಶಾಪಿಂದ ಬಂದ ಕೂಡ್ಲೇ ಮೊದಲ ಇದನ್ನ ಓದ್ರಿ, ಒಲಿ ಕಡೆ ಆಮ್ಯಾಲ ಹೋಗ್ರಿ. ಎಸ್ತೇರನ್ನ ಕರಕೊಂಡು ಹಾಡಿನ ತಾಲೀಮಿಗೆ ಚರ್ಚಿಗೆ ಹೊಂಟೇನಿ.

ಬೋಗಣ್ಯಾಗ ಇರೂದು ಗಂಜಿ ಅಲ್ಲ, ಕ್ರಿಸ್ಮಸ್ ನಕ್ಷತ್ರಕ್ಕ ಕಾಗದ ಹಚ್ಚೂ ಅಂಟು. ಹ್ವಾದ ವರ್ಷ ಬೆಲ್ಲಾ ಕಲಸಿ ಉಂಡು, ಮ್ಯಾಲ ಛಲೋ ಆಗೇತಿ ಅಂದ್ರಿ. ನಕ್ಷತ್ರದ ಒಂದು ಮೂಲಿ ಬರೇ ಬಿದರ ಕಡ್ಡಿ ಉಳೀತು. ನಿಮ್ಮ ರೊಟ್ಟಿ ಬುಟ್ಟ್ಯಾಗ ಅದಾವ.

ಹಬ್ಬಕ್ಕ ಎಸ್ತೇರಗ ಕೊಡಾಕಂತ ನೀವು ಕೆತ್ತಿ ಹಿತ್ತಲದಾಗ ಬಚ್ಚಿಟ್ಟ ಕಟಗಿ ಕುದರಿ ಆಕಿಗೆ ಸಿಕ್ಕೈತಿ. "ಅಪ್ಪಗ ಹೇಳಬ್ಯಾಡ ಅವ್ವಾ, ಬ್ಯಾಸರ ಮಾಡ್ಕೋತಾನ" ಅಂದ್ಲು. ಕುದರಿಗೆ ಹಸಿವಾಗೇತಿ ಅಂತ ನಿನ್ನೆ ಹುಲ್ಲು ಹಾಕಿದ್ಲು. ನೀವು ಕಸಾ ಅಂತ ಗುಡಿಸಿ ಒಗದ್ರಿ. ಕುದರಿ ಎಲ್ಲಾ ತಿಂದೈತಿ ಅಂತ ಮುಂಜಾನಿಂದ ಕುಣ್ಯಾಕತ್ತಾಳ.

ಇವತ್ತೂ ಹಾಕ್ಯಾಳ. ನಾವು ಬರೂದ್ರಾಗ ಗುಡಸ್ರಿ.