ಪ್ಲಮ್ ಪೆರೇಡ್‌ನ ಮೂರನೇ ಚಕ್ರ

ಪ್ರೀತಿಯ ಲಿಯೋ ಅಂಕಲ್‌ಗೆ,

ನಿಮ್ಮ ತುಮಕೂರು ಬರೀತಿದ್ದೀನಿ. ಒಂದು ಸಲನಾದ್ರೂ ಹೆಸರಿಟ್ಟು ಕರೆದಿದ್ರಾ ನನ್ನ? ಶಾಂತಲಾ ಅಂತ ಅಷ್ಟು ಚೆನ್ನಾಗಿರೋ ಹೆಸರಿದ್ರೂ, ಓದೋಕೆ ಅಂತ ಸಿಡ್ನಿಗೆ ಬಂದು, ಗಿರಾವೀನ್‌ನ ನಿಮ್ಮ, ಸೆವ್ರಿನ್ ಆಂಟಿಯ ಮನೇಲಿ ರೂಮ್ ರೆಂಟ್‌ಗೆ ಕೇಳಿದ ದಿನದಿಂದ ನಾನು ಬರೀ ನಮ್ಮೂರ ಹೆಸರು, ತುಮಕೂರು. ನೀವು ನಮ್ಮನ್ನೆಲ್ಲ ಬಿಟ್ಟು ಹೋಗಿ ಇದು ಎರಡನೇ ಚಳಿಗಾಲ. ನಾನೀಗ ಮೆಲ್ಬರ್ನ್‌ನ ಕ್ರಾನ್‌ಬರ್ನ್‌ನಲ್ಲಿದ್ದೀನಿ. ಇಲ್ಲೇ ನೆಲೆಸೋಕೆ ಪಿಆರ್ ಬಂದಿದ್ದು, ಅದರ ಹಿಂದೇನೇ ಮಾರ್ಟ್‌ಗೇಜ್ ಬಂದಿದ್ದು ನಿಮಗೆ ಗೊತ್ತು. ಗೊತ್ತಿಲ್ಲದ ಸುದ್ದಿ ಒಂದಿದೆ. ಒಂದು ತಪ್ಪು ಒಪ್ಕೋಬೇಕು, ಒಂದಷ್ಟು ಜಂಬ ಕೊಚ್ಕೋಬೇಕು. ಎರಡೂ ಒಂದೇ ವಿಷಯ. ಮಧ್ಯೆ ಬಾಯಿ ಹಾಕದೆ ಕೇಳಿ.

ಆ ಶನಿವಾರ ಬೆಳಿಗ್ಗೆ ನೆನಪಿದೆಯಾ? ಬಟ್ಟೆ ಒಣಗಿಸೋ ಕ್ಲಿಪ್ ಹುಡುಕ್ಕೊಂಡು ಗ್ಯಾರೇಜಿಗೆ ಬಂದೆ. ನೀವು ಕಣ್ಣು ಮುಚ್ಕೊಂಡು, ಹಣ್ಣಿನ ಚಿತ್ರ ಅಂಟಿಸಿದ ಒಂದು ಚಕ್ರನ ಹೆಬ್ಬೆರಳಲ್ಲಿ ತಿರುಗಿಸಿ ತಿರುಗಿಸಿ ಅದರ ಸದ್ದು ಕೇಳ್ತಿದ್ರಿ. ನಾನು ಗಾಬರಿಯಾಗಿ "ಅಂಕಲ್, ಹುಷಾರಾಗಿದ್ದೀರಾ?" ಅಂದೆ. "ಹುಷಾರಿಲ್ಲದ್ದು ಇದಕ್ಕೆ ಮಾರಾಯ್ತಿ, ಬೇರಿಂಗ್ ಹೋಗಿದೆ," ಅಂದ್ರಿ. ಮಂಗಳೂರಿಂದ ಬಂದು ಮೂವತ್ತು ವರ್ಷ ಸಿಡ್ನಿಯ ಕ್ಲಬ್‌ಗಳಲ್ಲಿ ಪೋಕೀಸ್ ರಿಪೇರಿ ಮಾಡಿದೋರು ನೀವು ಅಂತ ಅವತ್ತೇ ಗೊತ್ತಾಗಿದ್ದು. ಮೂರು ಚಕ್ರ ತಿರುಗಿ, ಒಂದೇ ಸಾಲಲ್ಲಿ ಒಂದೇ ಹಣ್ಣು ನಿಂತರೆ ಗಂಟೆ ಬಾರಿಸಿ ದುಡ್ಡು ಸುರಿಸೋ ಹಳೇ ಜೂಜಿನ ಮೆಷಿನ್‌ಗಳು. "ಕ್ಲಬ್ಬಿನಲ್ಲಿ ಇಷ್ಟು ವರ್ಷ ಇದ್ದೆ, ಒಂದು ಕಾಯಿನ್ ಹಾಕಿ ಆಡಿದವನಲ್ಲ," ಅಂತ ಎದೆ ತಟ್ಕೊಂಡು ಹೇಳಿದ್ರಿ. ಆ ಹೆಮ್ಮೆ ನೋಡಿ ನನಗೆ ಅವತ್ತು ನಗು ಬಂದಿತ್ತು.

ಅಪ್ಪನಿಗೆ ಫೋನಲ್ಲಿ ಹೇಳಿದಾಗ ಏನಾಯ್ತು ಅಂತ ನಿಮಗೆ ಹೇಳೇ ಇರಲಿಲ್ಲ. "ಜೂಜಿನ ಮೆಷಿನ್ ರಿಪೇರಿ ಮಾಡೋರ ಮನೇಲಿದ್ದೀಯಾ? ಗಂಟುಮೂಟೆ ಕಟ್ಟು, ಬೇರೆ ರೂಮ್ ನೋಡು," ಅಂತ ಕೂಗಾಡಿದ್ರು. "ಅಪ್ಪಾ, ಅವರು ವಾಚ್ ರಿಪೇರಿ ಥರ, ಒಳಗಿರೋ ಯಂತ್ರ ನೋಡೋರು, ದುಡ್ಡು ನೋಡೋರಲ್ಲ," ಅಂತ ನಾನೂ ಕೂಗಾಡಿದೆ. ನಿಮ್ಮ ಪರವಾಗಿ ನಾನು ಆಡಿದ ಮೊದಲ ಜಗಳ ಅದು. ಕೊನೇದಲ್ಲ ಬಿಡಿ.

ಲ್ಯಾಪ್‌ಟಾಪ್ ತಂದು ನಿಮ್ಮ ಮುಂದಿಟ್ಟ ದಿನ ಅಂತೂ ನಾನು ಮರೆಯೋದೇ ಇಲ್ಲ. ಹಳೇ ಮೆಷಿನ್‌ಗಳನ್ನ ಕಂಪ್ಯೂಟರಿನಲ್ಲಿ ಮತ್ತೆ ಓಡಿಸೋ ಒಂದು ಗುಂಪು ಆನ್‌ಲೈನ್‌ನಲ್ಲಿ ಸಿಕ್ಕಿತ್ತು. ಹಳೇ ಕಂಪ್ಯೂಟರ್ ಚಿಪ್‌ನೊಳಗಿನ ಪ್ರೋಗ್ರಾಮ್ ಓದಿ, ಚಕ್ರ, ದೀಪ, ಗಂಟೆ ಎಲ್ಲಾ ಸ್ಕ್ರೀನ್ ಮೇಲೆ ಇದ್ದದ್ದು ಇದ್ದ ಹಾಗೆ ತರ್ತಾರೆ. ಕಾಯಿನ್ ಹಾಕೋ ಬಾಯಿ ಮಾತ್ರ ಇರಲ್ಲ, ಯಾರೂ ಒಂದು ಸೆಂಟ್ ಕಳ್ಕೊಳ್ಳಲ್ಲ. "ಇಂಥ ಹುಚ್ಚರು ಇಲ್ಲಿಯೂ ಉಂಟಾ?" ಅಂತ ನೀವು ನಕ್ರಿ. ಆಮೇಲೆ ಒಂದು ಮೆಷಿನ್‌ನ ಸದ್ದು ಕೇಳಿ, ತಲೆ ಅಲ್ಲಾಡಿಸಿ, "ಇದು ಸ್ಪ್ರಿಂಗ್ ಸಡಿಲ ಆದ ಮೆಷಿನ್‌ದು. ಒಳ್ಳೆಯದು ಹೀಗೆ ಕೂಗುವುದಿಲ್ಲ," ಅಂದ್ರಿ. ನಾನು ಅದನ್ನ ಗುಂಪಿಗೆ ಬರೆದೆ. ಗುಂಪಿನ ಮೆಷಿನ್ ಪಟ್ಟಿ ನೋಡ್ಕೊಳ್ಳೋ ಟ್ರೆವರ್ ಅಂತ ಮೆಲ್ಬರ್ನ್‌ನ ರಿಟೈರ್ಡ್ ಮೇಷ್ಟ್ರು, ರೆಕಾರ್ಡ್ ಮಾಡಿದೋನನ್ನ ವಿಚಾರಿಸಿ, "ನಿಜ, ಸ್ಪ್ರಿಂಗ್ ಸಡಿಲ ಆಗಿತ್ತಂತೆ, ಯಾರಮ್ಮಾ ಈ ಮನುಷ್ಯ?" ಅಂತ ಕೇಳಿದ್ರು. "ನಮ್ಮ ಅಂಕಲ್," ಅಂತ ಟೈಪ್ ಮಾಡುವಾಗ ನನಗೆ ಎರಡು ಕೊಂಬು ಬಂದಿತ್ತು.

ನಾನು ಮೆಲ್ಬರ್ನ್‌ಗೆ ಹೊರಟ ದಿನ ನೀವು ಬಿಸ್ಕೆಟ್ ಡಬ್ಬಿ ಕೊಟ್ರಿ. ಸೆವ್ರಿನ್ ಆಂಟಿ ಕರಿದ ಕಲ್ಕಲ್ ತಿಂಡಿ ಕಟ್ಟಿದ್ದಾರೆ ಅಂದ್ಕೊಂಡು ಕಾರಲ್ಲೇ ಮುಚ್ಚಳ ತೆಗೆದೆ. ಒಳಗೆ ಫಾಯಿಲ್‌ನಲ್ಲಿ ಸುತ್ತಿದ ನಾಲ್ಕು ಕಂಪ್ಯೂಟರ್ ಚಿಪ್, ಒಂದು ನೋಟ್‌ಬುಕ್. ಕಿಟಕಿ ಹತ್ರ ಬಗ್ಗಿ ಹೇಳಿದ್ರಿ: "ಇದು ಪ್ಲಮ್ ಪೆರೇಡ್ ಹೇಳುವ ಮೆಷಿನ್‌ದು. ಎಲ್ಲಾ ಮೆಷಿನ್ ಪುಡಿ ಮಾಡಿ ಹಾಕಿದರು, ನನ್ನ ಎದುರೇ. ಇದರದ್ದು ಬೇರೆ ಎಲ್ಲಿಯೂ ಉಳಿದಿಲ್ಲ. ಪುಸ್ತಕ ನೋಡಿ ಮಾಡು. ಬೇರೆ ಎಂತದೂ ನೋಡಬೇಡ." ಎಷ್ಟು ಸ್ಪಷ್ಟವಾಗಿ ಹೇಳಿದ್ರಿ ಅಂಕಲ್. ನಾನು ಹೂಂ ಹೂಂ ಅಂದೆ, ಕಾರ್ ಸ್ಟಾರ್ಟ್ ಮಾಡಿದೆ. ನಿಮ್ಮನ್ನ ನೆಟ್ಟಗೆ ತಿರುಗಿ ನೋಡಿದ್ದು ಅದೇ ಕೊನೆ. ಗೊತ್ತಿದ್ರೆ...

ಚರ್ಚಿನಲ್ಲಿ ನಿಮ್ಮ ವರ್ಷಾಂತಿಕ ಪೂಜೆ ಮುಗಿಸಿ ವಾಪಸ್ ಬಂದ ವಾರ, ಅಳೋದು ಸಾಕು ಅಂತ ಡಬ್ಬಿ ತೆಗೆದು ಕೂತೆ. ಚಿಪ್ ನಾಲ್ಕೂ ಸರಿಯಾಗಿ ಓದಿಸ್ಕೊಂಡ್ವು. ನೋಟ್‌ಬುಕ್ಕಿನಲ್ಲಿ ಪ್ರತಿ ಚಕ್ರದ ಚಿತ್ರ ಯಾವ ಜಾಗದಲ್ಲಿ ಯಾವುದು ಅಂತ ಪಟ್ಟಿ: ಪ್ಲಮ್, ಲೆಮನ್, ಬೆಲ್, ಚೆರಿ, ಎಲ್ಲಾ ಕನ್ನಡ ಅಕ್ಷರದಲ್ಲಿ, ಮುತ್ತು ಪೋಣಿಸಿದ ಹಾಗೆ. ಅಂಚಿನಲ್ಲಿ ಅಲ್ಲಲ್ಲಿ ನಿಮ್ಮ ಕೊಂಕಣಿ. ಅದೂ ಕನ್ನಡ ಅಕ್ಷರದಲ್ಲೇ ಇದ್ದದ್ದರಿಂದ ಓದೋಕೆ ಬರುತ್ತೆ, ಅರ್ಥ ಆಗಲ್ಲ. ಯಾವುದೋ ಪ್ರಾರ್ಥನೆ ಇರಬೇಕು ಅಂತ ಬಿಟ್ಟುಬಿಟ್ಟೆ. ಅಷ್ಟರಲ್ಲಿ ಟ್ರೆವರ್ ಎಲ್ಲಿಂದಲೋ ಆ ಮೆಷಿನ್‌ನ ಕಂಪನಿ ಕೈಪಿಡಿ ಹುಡುಕಿ ಕಳಿಸಿದ್ರು. ಬಣ್ಣದ ಪ್ರಿಂಟು, ದಪ್ಪ ಪೇಪರು, ಮೂರು ಚಕ್ರದ ಪಟ್ಟಿನೂ ಅದರಲ್ಲಿತ್ತು. ಮೊದಲನೇದು ನಿಮ್ಮ ಪಟ್ಟಿಗೆ ತಾಳೆ ಆಯ್ತು. ಎರಡನೇದೂ ಆಯ್ತು. ಮೂರನೇದು ಎರಡು ಜಾಗ ಹಿಂದೆ ಮುಂದೆ. ನಾನೇನು ಮಾಡಿದೆ ಗೊತ್ತಾ? "ಪಾಪ, ಅಂಕಲ್‌ಗೆ ಎಣಿಸುವಾಗ ತಪ್ಪಿರಬೇಕು," ಅಂತ ಕೈಪಿಡಿ ನೋಡ್ಕೊಂಡು ನಿಮ್ಮ ಪಟ್ಟಿ ತಿದ್ದಿದೆ. ಪಾಪ ಅಂದೆ ಅಂಕಲ್. ನಿಮ್ಮನ್ನ.

ಮೊದಲ ಸಲ ಓಡಿಸಿದ ದಿನದ ಸಂಕಟ ಹೇಗೆ ಹೇಳಲಿ? ಮೂರು ಪ್ಲಮ್ ಸಾಲಾಗಿ ಬಂದು ನಿಂತ್ವು, ಮೆಷಿನ್ ತುಟಿ ಪಿಟಕ್ ಅನ್ನಲಿಲ್ಲ. ಆಮೇಲೆ ಪ್ಲಮ್, ಪ್ಲಮ್, ಲೆಮನ್ ಬಂತು, ಗಂಟೆ ಬಡ್ಕೊಳ್ಳೋಕೆ ಶುರು. ಒಳಗಿನ ಪ್ರೋಗ್ರಾಮಿಗೆ ಚಿತ್ರ ಕಾಣಲ್ಲ, ಜಾಗದ ನಂಬರ್ ಮಾತ್ರ ಗೊತ್ತು. ಚಿತ್ರ ಒಂದು ಕಡೆ, ನಂಬರ್ ಒಂದು ಕಡೆ ಆಗಿ ಕೂತಿತ್ತು. ಇಷ್ಟು ಹೊಳೀಬೇಕಿತ್ತಲ್ವಾ ನನಗೆ? ಹೊಳೀಲಿಲ್ಲ. ಪಟ್ಟಿ ನಾನು ತಿದ್ದಿದ್ದೇ ಮರೆತುಹೋಗಿತ್ತು. ಸಹಾಯ ಕೇಳ್ಕೊಂಡು ಪ್ರೋಗ್ರಾಮು, ನಾನು ತಿದ್ದಿದ ಪಟ್ಟಿ ಎರಡನ್ನೂ ಗುಂಪಿಗೆ ಹಾಕಿದೆ.

ಟ್ರೆವರ್ ಉತ್ತರ ಬಂದಾಗ ನಾನು ಟ್ರೇನ್‌ನಲ್ಲಿದ್ದೆ. ಆ ಕಾಲದಲ್ಲಿ ಕೆಲವು ಮೆಕ್ಯಾನಿಕ್‌ಗಳು ತಮ್ಮವರನ್ನ ಗೆಲ್ಲಿಸೋಕೆ ಚಿಪ್ ಬದಲಾಯಿಸಿಡ್ತಿದ್ರು, ಇದೂ ಅಂಥದ್ದೇ ಇರಬಹುದು, ಬೇಜಾರು ಮಾಡ್ಕೋಬೇಡ, ಅಂತ ಮೆತ್ತಗೆ ಬರೆದಿದ್ರು. ನಮ್ಮ ಗುಂಪಿನಲ್ಲಿ ಒಂದು ಪದ್ಧತಿ. ಅನುಮಾನ ಇರೋ ಚಿಪ್‌ಗೆ ಪಟ್ಟಿಯಲ್ಲಿ ಕೆಂಪು ಚುಕ್ಕಿ ಹಾಕ್ತಾರೆ, ಪಕ್ಕದಲ್ಲಿ ಅದು ಎಲ್ಲಿಂದ ಬಂತು ಅಂತ ಬರೀತಾರೆ. ನೋಡ್ತೀನಿ, ಪ್ಲಮ್ ಪೆರೇಡ್, ಕೆಂಪು ಚುಕ್ಕಿ, ಪಕ್ಕದಲ್ಲಿ "ಲಿಯೋ, ಗಿರಾವೀನ್". ಮೈಯೆಲ್ಲಾ ಉರಿದುಹೋಯ್ತು. ಒಂದು ಕಾಯಿನ್ ಮುಟ್ಟದ ಮನುಷ್ಯನಿಗೆ ಕಳ್ಳ ಅಂತ ಹೆಸರಾ? ಇಳಿಯೋ ಸ್ಟೇಷನ್ ದಾಟಿ ಹೋದ್ರೂ ಗೊತ್ತಾಗದೆ ಬೈದು ಬರೆದೆ. ನಮ್ಮ ಅಂಕಲ್ ಬಗ್ಗೆ ಒಂದಕ್ಷರ ಆಡಿದ್ರೆ ಹುಷಾರ್ ಅಂದೆ. ಟ್ರೆವರ್ ಪಾಪದ ಮನುಷ್ಯ, "ಹಾಗಾದ್ರೆ ತೋರ್ಸಮ್ಮಾ, ಚುಕ್ಕಿ ತೆಗೀತೀನಿ," ಅಂದ್ರು. ತೋರ್ಸೋಕೆ ನನ್ನ ಹತ್ರ ಏನಿತ್ತು? ನಾಲ್ಕು ತಿಂಗಳು ಪ್ರೋಗ್ರಾಮ್ ಬಗೆದು ಬಗೆದು ನೋಡಿದೆ. ಒಂದು ಭಾನುವಾರ ನನಗೂ, ಹೇಳೋಕೆ ನಾಚಿಕೆ ಆಗುತ್ತೆ, ಅಕಸ್ಮಾತ್ ನಿಜ ಆಗಿದ್ರೆ ಅಂತ...

ಈಸ್ಟರ್ ರಜಕ್ಕೆ ಗಿರಾವೀನ್‌ಗೆ ಹೋದೆ. ಆಂಟಿ ಕಿಚನ್‌ನಲ್ಲಿ ಕೂತು ಬೆಳ್ಳುಳ್ಳಿ ಸುಲೀತಿದ್ರು. ಕಣ್ಣಿನ ಪೊರೆ ಆಪರೇಷನ್ ಇನ್ನೂ ಆಗಿರಲಿಲ್ಲ, ಸಣ್ಣ ಅಕ್ಷರ ಕಾಣ್ತಿರಲಿಲ್ಲ. "ಅವರ ಪುಸ್ತಕದಲ್ಲಿ ಎಂತ ಬರ್ದಿದ್ದಾರೆ, ಓದು ನೋಡುವ. ಅವರ ಮಾತು ಕೇಳದೆ ಎಷ್ಟು ದಿನ ಆಯ್ತು," ಅಂದ್ರು. ಸರಿ ಅಂತ ಅಂಚಿನಲ್ಲಿದ್ದ ಕೊಂಕಣಿನ ಗಿಣಿ ಥರ ಒಂದೊಂದೇ ಓದಿದೆ. ಎಣ್ಣೆ ಯಾವಾಗ ಹಾಕಿದ್ದು, ಬಲ್ಬ್ ಯಾವಾಗ ಬದಲಾಯಿಸಿದ್ದು ಅಂತ ಆಂಟಿ ಅರ್ಥ ಹೇಳ್ತಾ ಹೋದ್ರು. ಪ್ಲಮ್ ಪೆರೇಡ್ ಪುಟದಲ್ಲಿ, "ತಿಸ್ರೆಂ ರೋದ್ ದೋನ್ ಘರಾಂ ಪಾಟಿಂ. ಕಾಗ್ದಾರ್ ಆಸ್ಚೆಂ ಚೂಕ್," ಅಂತ ಓದಿದೆ. ಆಂಟಿ ಬೆಳ್ಳುಳ್ಳಿಯಿಂದ ತಲೆ ಎತ್ತಲೂ ಇಲ್ಲ. "ಮೂರನೇ ಚಕ್ರ ಎರಡು ಮನೆ ಹಿಂದೆ ಉಂಟು. ಕಾಗದದಲ್ಲಿ ಇರುವುದು ತಪ್ಪು. ಮುಂದೆ ಓದು," ಅಂದ್ರು.

ಅದೇ ಸಾಲಿನ ಮೇಲೆ ಬೆರಳಿಟ್ಟು ಇನ್ನೊಂದು ಸಲ ಓದಿದೆ. ಆಂಟಿ ಒತ್ತಾಯ ಮಾಡಿ ಮುಂದಿನದೂ ಓದಿಸಿದ್ರು. ಕಂಪನಿಯವರು ಕಾಗದ ಪ್ರಿಂಟ್ ಮಾಡಿದ ಮೇಲೆ ಚಕ್ರನ ತಿರುಗಿಸಿ ಜೋಡಿಸಿದ್ದರು, ನೀವು ಒಂದಲ್ಲ ಆರು ಮೆಷಿನ್ ಬಿಚ್ಚಿ, ಕೈಯಲ್ಲೇ ತಿರುಗಿಸಿ ನೋಡಿ ಬರೆದಿದ್ರಿ. ಆರು! ನಾನು ಒಂದೇ ಒಂದು ಕಾಗದ ನಂಬಿ ನಿಮ್ಮನ್ನ ತಿದ್ದಿದ್ದೆ. ನಿಮ್ಮ ಹೆಸರಿನ ಪಕ್ಕ ಆ ಕೆಂಪು ಚುಕ್ಕಿ ಇಟ್ಟಿದ್ದು ಟ್ರೆವರ್ ಅಲ್ಲ, ನಾನು. ಅಲ್ಲೇ ಕೂತು ಅತ್ತೆ. ಆಂಟಿಗೆ ವಿಷಯ ಪೂರ್ತಿ ಹೇಳಿದೆ. ಅವರು ಚಾಕು ಕೆಳಗಿಟ್ಟು ಕೇಳಿದ್ರು, "ನೀನು ಸರಿ ಮಾಡಿದ್ದಾ? ಅವರನ್ನಾ? ದೇವರೇ! ಮದುವೆಯಾಗಿ ಅಷ್ಟು ವರ್ಷ ನನ್ನಿಂದಲೇ ಅವರನ್ನು ಸರಿ ಮಾಡ್ಲಿಕ್ಕೆ ಆಗ್ಲಿಲ್ಲ." ಹೇಳಿ ಅವರೇ ನಕ್ರು, ಆಮೇಲೆ ಅವರೂ ಅತ್ರು. ಬೆಳ್ಳುಳ್ಳಿ ಸಿಪ್ಪೆ ಒಂದು ಕಡೆಗೆ ಸರಿಸಿ ಅದೇ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟು, ನೀವು ಬರೆದ ಹಾಗೇ ಮೂರನೇ ಚಕ್ರ ಹಾಕಿದೆ. ಎರಡು ನಿಮಿಷದ ಕೆಲಸ. ಮಧ್ಯಾಹ್ನದವರೆಗೂ ಓಡಿಸಿದೆ. ಸಾಲು ಕೂಡಿದಾಗ ಗಂಟೆ, ಕೂಡದಾಗ ಮೌನ, ಒಂದು ಸಲನೂ ತಪ್ಪಲಿಲ್ಲ. ಕಿಚನ್ ತುಂಬ ನಿಮ್ಮ ಗಂಟೆ ಸದ್ದು. ಪಕ್ಕದ ಮನೆ ಪಂಜಾಬಿ ಆಂಟಿ ಬಂದು "ಸಬ್ ಠೀಕ್ ಹೈ ನಾ?" ಅಂತ ಕೇಳಿ ಹೋದ್ರು.

ತಪ್ಪು ಒಪ್ಕೊಂಡು ಗುಂಪಿಗೆ ಬರೆಯೋದು ಅಷ್ಟು ಸುಲಭ ಇರಲಿಲ್ಲ, ನನ್ನ ಬಾಯಿ ನಿಮಗೆ ಗೊತ್ತಲ್ಲ. ಅಷ್ಟೊಂದು ಹಾರಾಡಿದೋಳು ನಾನೇ. ಆದ್ರೂ ಒಂದೂ ಮುಚ್ಚಿಡದೆ ಬರೆದೆ, ನಿಮ್ಮ ಪುಟದ ಫೋಟೋ ಹಾಕಿದೆ, ಆಂಟಿ ಹೇಳಿದ ಅರ್ಥ ಕೆಳಗೆ ಹಾಕಿದೆ. ಹತ್ತು ನಿಮಿಷದಲ್ಲಿ ಟ್ರೆವರ್ ಫೋನ್ ಬಂತು. ಆ ವಯಸ್ಸಾದ ಮನುಷ್ಯ ಮೂರು ಸಲ ಸಾರಿ ಕೇಳಿದ್ರು ಅಂಕಲ್. ಚುಕ್ಕಿ ಅವತ್ತೇ ಹೋಯ್ತು. ಅಷ್ಟೇ ಅಲ್ಲ, ಈಗ ಗುಂಪಿನಲ್ಲಿ ಒಂದು ಹೊಸ ಕಟ್ಟಳೆ: ಕಂಪನಿ ಕಾಗದ ಒಂದು ಹೇಳಿ, ರಿಪೇರಿ ಮಾಡಿದೋರ ಕೈಬರಹ ಇನ್ನೊಂದು ಹೇಳಿದ್ರೆ, ಮೊದಲು ಕೈಬರಹದ ಪ್ರಕಾರ ಓಡಿಸಿ ನೋಡಬೇಕು. ಅದಕ್ಕೆ ಎಲ್ಲರೂ "ಲಿಯೋ ರೂಲ್" ಅಂತಾರೆ. ನಿಮ್ಮ ಮುಖ ನೋಡದ ಜನ, ಇಂಗ್ಲೆಂಡಲ್ಲಿ ಕೂತಿರೋರೂ ಹಾಗೇ ಅಂತಾರೆ. ಇದನ್ನ ಓದೋವಾಗೆಲ್ಲ ನನಗೆ ಎದೆ ಉಬ್ಬಿ ಅಂಗಿ ಗುಂಡಿ ಕಿತ್ತುಹೋಗೋ ಹಾಗಾಗುತ್ತೆ.

ಹೋದ ತಿಂಗಳು ಗುಂಪಿನೋರೆಲ್ಲ ವಿಂಡಮ್ ವೇಲ್‌ನ ಒಂದು ಹಾಲ್‌ನಲ್ಲಿ ಸೇರಿದ್ರು. ಹೊಸದಾಗಿ ಜೀವ ಬಂದ ಮೆಷಿನ್‌ನ ಮೊದಲ ಬಟನ್ ಒತ್ತೋದು ಅದರ ಜೊತೆ ಕೆಲಸ ಮಾಡಿದೋರು, ಅವರಿಲ್ಲದಿದ್ರೆ ಅವರ ಮನೆಯೋರು, ಅದು ಅಲ್ಲಿನ ಸಂಪ್ರದಾಯ. ಆಂಟಿಗೆ ಫ್ಲೈಟ್ ಬುಕ್ ಮಾಡಿ ಕರೆಸಿದೆ. ಕಣ್ಣಿನ ಆಪರೇಷನ್ ಆಗಿದೆ, ಕನ್ನಡಕ ಕೂಡ ಇಲ್ಲ ಈಗ. ಪೂಜೆಗೆ ಉಡೋ ನೀಲಿ ಸೀರೆ ಉಟ್ಟಿದ್ರು. ದೊಡ್ಡ ಸ್ಕ್ರೀನ್ ಮೇಲೆ ನಿಮ್ಮ ಪ್ಲಮ್ ಪೆರೇಡ್, ಕೆಳಗೆ ನಿಮ್ಮ ಪೂರ್ತಿ ಹೆಸರು. "ಈ ಪ್ರಾಯದಲ್ಲಿ ನನ್ನನ್ನು ಪೋಕೀಸ್ ಆಡಿಸ್ತೀಯಲ್ಲ, ಅವರೇ ಒಂದು ದಿನ ಆಡಿದವರಲ್ಲ," ಅಂತ ನನ್ನ ಕೈ ಚಿವುಟಿದ್ರು. ಟ್ರೆವರ್ ನಿಮ್ಮ ಪಟ್ಟಿಯ ಪ್ರತಿ ಹಿಡ್ಕೊಂಡು ಸ್ಕ್ರೀನ್ ಪಕ್ಕ ನಿಂತ್ರು. ಆಂಟಿ ಶಿಲುಬೆ ಗುರುತು ಮಾಡಿ ಬಟನ್ ಒತ್ತಿದ್ರು. ಚೆರಿ ನಿಂತಿತು. ಬೆಲ್ ನಿಂತಿತು. ಮೂರನೇ ಚಕ್ರ ಒಂದು ಗಳಿಗೆ ಹೆಚ್ಚಿಗೆ ತಿರುಗಿ ಪ್ಲಮ್‌ಗೆ ನಿಂತಿತು. ಗಂಟೆ ಇಲ್ಲ, ದೀಪ ಇಲ್ಲ, ಏನೂ ಇಲ್ಲ. ಟ್ರೆವರ್ ಪಟ್ಟಿ ನೋಡಿದ್ರು, ಜಾಗದ ನಂಬರ್ ನೋಡಿದ್ರು, ತಾಳೆ ಆಗಿದೆ ಅಂತ ತಲೆ ಆಡಿಸಿದ್ರು. ಹಾಲ್‌ನಲ್ಲಿದ್ದೋರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದ್ರು.

ಆಂಟಿ ಕಕ್ಕಾಬಿಕ್ಕಿಯಾಗಿ ನನ್ನ ಕಡೆ ತಿರುಗಿದ್ರು.

"ಗೆದ್ದೆನಾ?"

"ಇಲ್ಲ ಆಂಟಿ, ಸೋತ್ರಿ."

"ಮತ್ತೆ ಎಂತಕ್ಕೆ ಚಪ್ಪಾಳೆ?"

"ಅಂಕಲ್ ಬರೆದ ಹಾಗೇ ಸೋತ್ರಿ."

ಅವರು ಸ್ಕ್ರೀನ್ ಮೇಲಿದ್ದ ನಿಮ್ಮ ಹೆಸರನ್ನ ಒಂದು ಸಲ ನೋಡಿದ್ರು, ಸೆರಗು ಸರಿ ಮಾಡ್ಕೊಂಡು ಎದ್ದು ನಿಂತ್ರು, ಆ ಜನರ ಜೊತೆ ಅವರೂ ಚಪ್ಪಾಳೆ ತಟ್ಟೋಕೆ ಶುರು ಮಾಡಿದ್ರು. ಎಲ್ಲರೂ ನಿಲ್ಲಿಸಿ ಕೂತ ಮೇಲೂ ಅವರು ನಿಲ್ಲಿಸಲಿಲ್ಲ ಅಂಕಲ್.

ಶಾಂತಲಾ
ಕ್ರಾನ್‌ಬರ್ನ್