ಒಂದೇ ಬಟ್ಟಲಿನ ಚಹಾ

ಸಿಯಾಟಲ್
೧೪ ಜೂನ್ ೨೦೨೫

ಪ್ರೀತಿಯ ರುಕ್ಮವ್ವಾ,

ನಿನಗೂ ಮನೆಮಂದಿಗೆಲ್ಲ ನಿನ್ನ ಜುಗೂಳದ ಗೆಳತಿಯ ನಮಸ್ಕಾರ. ಐನಾಪುರದಲ್ಲಿ ಮಳೆ ಬಿತ್ತೇ? ಹೊಸ ಮನೆಯ ವಾಸ್ತುಶಾಂತಿಗೆ ಬರಲೇಬೇಕೆಂದು ನೀನು ಹೇಳಿ ಬಹಳ ದಿನವಾಯಿತು. ಉತ್ತರ ಕೊಡದೆ ಕುಳಿತದ್ದಕ್ಕೆ ಬೈಯಬೇಡ. ಬರಲೋ ಬೇಡವೋ ಎಂದು ನನಗೇ ತಿಳಿಯದಾಗಿತ್ತು. ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಟ್ಟರೆ ತಾನೇ! ಅದಕ್ಕೇ ಈ ಕಾಗದ.

ತಂಗಿಯ ಮಗಳು ಮಯೂರಿ ಇಲ್ಲಿ ನರ್ಸ್. ರಜೆ ಸಿಕ್ಕರೆ ಸಾಕು, ಈ ಊರಿನ ಜಪಾನಿ ಅಂಗಡಿ, ಜಪಾನಿ ತೋಟ ಎಂದು ನನ್ನನ್ನು ಸುತ್ತಿಸುತ್ತಾಳೆ. ತೋಟದ ಕೊಳದಲ್ಲಿ ಮೊಳದುದ್ದದ ಬಣ್ಣದ ಮೀನುಗಳಿವೆ. "ಸಾರಿಗೆ ಛಲೋ ಆಗ್ತಾವಲ್ಲ" ಎಂದೆ. "ಸುಮ್ನಿರ ಬೇ ಮಾವಶಿ" ಎಂದು ಚಿವುಟಿದಳು.

ಕಳೆದ ಭಾನುವಾರ ಅವಳ ಪರಿಚಯದ ಮಿಚಿಕೊ ಎಂಬ ಜಪಾನಿ ಹೆಂಗಸು ಮನೆಗೆ ಚಹಾಕ್ಕೆ ಕರೆದಿದ್ದಳು. ನಮ್ಮಂತೆ ಗಡಿಬಿಡಿಯ ಚಹಾ ಅಲ್ಲ. ಚಾಪೆಯ ಮೇಲೆ ಮೊಣಕಾಲು ಮಡಚಿ ಕೂತು, ಅವಳು ಬಟ್ಟಲು ಒರೆಸುವುದನ್ನೂ ಭಕ್ತಿಯಿಂದ ನೋಡಬೇಕು. ಹಸಿರು ಪುಡಿಯನ್ನು ಬಿಸಿನೀರಲ್ಲಿ ಅಂಬಲಿಗಿಂತ ಗಟ್ಟಿಯಾಗಿ ಕಲಸಿದಳು. ಹಾಲಿಲ್ಲ, ಸಕ್ಕರೆಯಿಲ್ಲ. ಬಂದವರಿಗೆಲ್ಲ ಒಂದೇ ಬಟ್ಟಲು! ಒಬ್ಬರು ಕುಡಿದು, ಅಂಚು ಒರೆಸಿ, ಪಕ್ಕದವರಿಗೆ ಕೊಡುವುದು ಅವರ ಪದ್ಧತಿ.

ಮಯೂರಿ ಕುಡಿದು ನನ್ನ ಕೈಗಿತ್ತಳು. ನಾನು ತುಟಿ ತಾಗಿಸದೆ, ಬಟ್ಟಲನ್ನು ಮೇಲೆತ್ತಿ ಬಾಯಿಗೆ ಸುರಿದುಕೊಳ್ಳಲು ಹೋದೆ. ಅಷ್ಟು ಗಟ್ಟಿ ಚಹಾ ಹೇಗೆ ಸುರಿದೀತು? ಮೊದಲು ಬರಲೇ ಇಲ್ಲ. ಆಮೇಲೆ ದೊಪ್ಪನೆ ಗದ್ದದ ಮೇಲೆ, ಇಳಕಲ್ ಸೀರೆಯ ಮೇಲೆ ಬಿತ್ತು! ನಾಚಿಕೆಯಿಂದ ಸತ್ತೇ ಹೋದೆ.

"ಎತ್ತಿ ಯಾಕ ಕುಡದಿ?" ಎಂದಳು ಮಯೂರಿ.

"ನಾ ಕುಡದ ಮ್ಯಾಲ ಆ ಅಜ್ಜಾರು ಕುಡೀಬೇಕಲ್ಲವಾ" ಎಂದೆ. ಪಕ್ಕದಲ್ಲಿ ಮಿಚಿಕೊಳ ಶಿಷ್ಯ, ಒಬ್ಬ ಅಮೆರಿಕದ ಮುದುಕ, ಕುಳಿತಿದ್ದ.

ಮಯೂರಿ ಅದನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಯಾರೂ ನಗಲಿಲ್ಲ. ಮಿಚಿಕೊ ನನ್ನ ಸೆರಗು ಒರೆಸಿ, ಬಟ್ಟಲನ್ನು ಮತ್ತೆ ನನ್ನ ಕೈಯಲ್ಲಿಟ್ಟು, ತನ್ನ ತುಟಿ ಮುಟ್ಟಿ ತೋರಿಸಿದಳು. ತುಟಿ ಹಚ್ಚಿ ಕುಡಿದೆ. ವಿಷದಂಥ ಕಹಿ! ಆಮೇಲೆ ಮುದುಕ ಅದೇ ಬಟ್ಟಲು ತೆಗೆದುಕೊಂಡು, ನನಗೆ ತಲೆಬಾಗಿ, ತಳದವರೆಗೂ ಕುಡಿದ. ನನಗೆ ಅಳು ಬಂತು. ಸಂತೋಷಕ್ಕೇ ಬಂತು.

ಅಂದೇ ನಿಶ್ಚಯ ಮಾಡಿದೆ, ವಾಸ್ತುಶಾಂತಿಗೆ ಬರುತ್ತೇನೆ. ಮಗಳು ಪ್ರಾಜಕ್ತಾಳಿಗೆ ಆಶೀರ್ವಾದ ಹೇಳು. ನಿನ್ನ ದ್ರಾಕ್ಷಿ ಈ ವರ್ಷ ಗೊನೆಗೊನೆಯಾಗಿ ತೂಗಲಿ, ಹೊಸ ಮನೆ ತುಂಬಿರಲಿ.

ನಿನ್ನ
ಸುಂದರಾ

ತಾ.ಕ.: ನಿನ್ನ ಪ್ರಾಜಕ್ತಾ ಹುಟ್ಟಿದಾಗ ನರ್ಸಾಗಿ ಹೆರಿಗೆ ಮಾಡಿಸಿದವಳು ನಾನು. ಕೂಸನ್ನು ನಿನ್ನ ಮಗ್ಗುಲಲ್ಲಿ ಮಲಗಿಸಿ ಹೊರಬಂದಾಗ ನಿನ್ನ ಅತ್ತೆ, ನಮ್ಮ ಕೇರಿಯವರಿಗೆಲ್ಲ ಕೊಡುವಂತೆ ಚಹಾವನ್ನು ಹೊರಗಿನ ಕಟ್ಟೆಯ ಮೇಲಿಟ್ಟು, "ಎತ್ತಿ ಕುಡಿಯವಾ" ಎಂದರು. ಬಾಗಿಲು ತೆರೆದಿತ್ತು. ನೀನು ನೋಡಿ ಗೋಡೆಯ ಕಡೆ ಹೊರಳಿದೆ. ಅದು ಇವತ್ತಿಗೂ ನೋಯುತ್ತದೆ ರುಕ್ಮವ್ವಾ. ಅತ್ತೆ ಈಗಿಲ್ಲ, ಹೊಸ ಮನೆಗೆ ನೀನೇ ಯಜಮಾನಿ. ನಾನು ಬಂದ ದಿನ ಎಲ್ಲರ ಮುಂದೆ ನಾವಿಬ್ಬರೂ ಒಂದೇ ಬಟ್ಟಲಿನಲ್ಲಿ ಚಹಾ ಕುಡಿಯಬೇಕು. ಮೊದಲು ನಾನು, ಆಮೇಲೆ ನೀನು.