ಮದ್ದಿನ ಚಿತ್ರದ ಮೇಲಿನ ಅಂಗೈ ಗುರುತು

ಕಾರವಾರ, ೨೨೪೬ನೇ ಇಸವಿ, ಹೊಸ ಪಂಚಾಂಗದ ಹದಿಮೂರನೇ ತಿಂಗಳ ಒಂಬತ್ತು

ಚೀನಾದ ಚಿತ್ರಶಾಲೆಯಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತಿರುವವರಿಗೆ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನನ್ನ ಮಾತು ಇನ್ನೂರು ವರ್ಷ ಹಿಂದಿನ ನಿಮ್ಮ ಕಾಲಕ್ಕೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಕನ್ನಡ ಬಲ್ಲ ಯಾರಿಂದಲಾದರೂ ಓದಿಸಿಕೊಳ್ಳಿ. ನಾನು ಶೆವಂತಿ ತಾಂಡೇಲ, ಹತ್ತೊಂಬತ್ತು ವರ್ಷ. ಒಂದೇ ಬೆಂಚಿನಲ್ಲಿ ಕೂರಲಾಗದೆ ಎಂಟನೆಯ ತರಗತಿಯಲ್ಲೇ ಶಾಲೆ ಬಿಟ್ಟೆ. ಮೊನ್ನೆಯವರೆಗೆ ಇಲ್ಲಿನ ಚಿತ್ರಸಂಗ್ರಹದಲ್ಲಿ ದೂಳು ಒರೆಸುತ್ತಿದ್ದೆ.

ನಮ್ಮಲ್ಲಿ ಕಿಡಿಬಂದಿ ಇದೆ. ಬೆಂಕಿ ಹಚ್ಚುವುದನ್ನೇ ಅಪರಾಧವೆನ್ನುವ ಕಾನೂನು ಅದು. ಅನ್ನ ಬಿಸಿಕಲ್ಲಿನ ಮೇಲೆ ಬೇಯುತ್ತದೆ, ದೇವರ ಮುಂದೆ ಗಾಜಿನ ದೀಪ ಮಿನುಗುತ್ತದೆ. ನನ್ನ ಅಜ್ಜಿಯೂ ಪಟಾಕಿಯ ಸದ್ದು ಕೇಳಿದವಳಲ್ಲ. ಹಾಗಾಗಿ ಸಿಡಿಮದ್ದಿನಿಂದ ಮಾಡಿದ ನಿಮ್ಮ ಚಿತ್ರದ ಮುಂದೆ, ಗೋಡೆಯಷ್ಟು ಅಗಲದ ಆ ಕಂದು ಅಲೆಯ ಮುಂದೆ, ಕೆಲಸ ಮರೆತು ನಿಲ್ಲುತ್ತಿದ್ದೆ. ಅದರ ಜೊತೆ ಬಂದ ಸದ್ದಿಲ್ಲದ ವಿಡಿಯೊವನ್ನೂ ನೋಡಿದ್ದೇನೆ. ನೆಲದ ಮೇಲೆ ಕಾಗದ ಹಾಸಿ, ಮದ್ದು ಉದುರಿಸಿ, ರಟ್ಟು ಮುಚ್ಚಿ, ಇಟ್ಟಿಗೆ ಹೇರಿ, ಒದ್ದೆ ಬಟ್ಟೆ ಹಿಡಿದು ಬದಿಗೆ ನಿಲ್ಲುತ್ತೀರಿ. ಬತ್ತಿಗೆ ಬೆಂಕಿ ತಗಲುತ್ತಲೇ ಹೊಗೆ ತುಂಬಿ ಮುಂದೇನೂ ಕಾಣದು.

ಅಲೆಯ ನೆತ್ತಿಯಲ್ಲಿ ಅಂಗೈಯಷ್ಟು ಮಸುಕು ಗುರುತಿದೆ. ಸಂಗ್ರಹದ ಮುಖ್ಯಸ್ಥೆ ಲೀಲಾವತಿ ಶೇಟ್ ಅಕ್ಕೋರು ಅಲ್ಲಿ ಬಣ್ಣ ತುಂಬಲು ಹೊರಟಿದ್ದರು. ಕಿಡಿ ನಂದಿಸಿದವರ ಕೈ ಗುರುತು ಅದು ಎಂದೆ.

"ನೀರಿನ ಕಲೆ ಅದು, ಮಾರಾಯ್ತಿ. ಶಾಲೆ ಬಿಟ್ಟೋಳು ನಂಗೆ ಪಾಠ ಹೇಳ್ತೀಯನೇ?"

ಉಗ್ರಾಣದಲ್ಲಿ ಚಿತ್ರದೊಡನೆ ಬಂದ ಮದ್ದಿನ ಶೀಶೆಯಿತ್ತು. ಮಧ್ಯಾಹ್ನ ತಾರಸಿಗೆ ಹೋಗಿ, ಕಾಗದದ ಮೇಲೆ ಚಿಟಿಕೆ ಮದ್ದು ಹಾಕಿ, ಭೂತಗನ್ನಡಿಯಲ್ಲಿ ಬಿಸಿಲು ಹಿಡಿದೆ. ಭುಸ್ಸೆಂದಿತು. ಕಾಗದಕ್ಕೆ ಹತ್ತಿದ ಕಿಡಿಯ ಮೇಲೆ ಒದ್ದೆ ಬಟ್ಟೆ ಒತ್ತಿ ತೆಗೆದರೆ ಅದೇ ಮಸುಕು, ಅದೇ ಕಂದು ಅಂಚು! ತೋರಿಸಿದರೆ ಕೆಲಸ ಹೋಗುತ್ತದೆ, ತೋರಿಸದಿದ್ದರೆ ಗುರುತು ಹೋಗುತ್ತದೆ. ತೋರಿಸಿದೆ.

ಅಕ್ಕೋರು ನನ್ನ ಕಾಗದವನ್ನು ಚಿತ್ರದ ಪಕ್ಕ ಹಿಡಿದು ಅಂಚಿಗೆ ಅಂಚು ಹೋಲಿಸಿದರು.

"ಎಲ್ಲೋ ಸಿಕ್ಕಿದ ಹಳೇ ಕಾಗದ ಅಂತ ಹೇಳ್ಬಾರ್ದಿತ್ತೇನೇ?"

"ಸುಳ್ಳಾಗ್ತಿತ್ತಲ್ಲ, ಅಕ್ಕೋರೆ."

ಗುರುತು ಉಳಿಯಿತು. ನನ್ನನ್ನು ಕೆಲಸದಿಂದ ಕಳಿಸಿದರು. ಆದರೂ ಬೇಸರಕ್ಕಿಂತ ಪ್ರಶ್ನೆಗಳೇ ಹೆಚ್ಚಿವೆ. ಆ ಸದ್ದು ಎದೆಗೆ ತಾಗುತ್ತದೆಯೇ? ಹೊಗೆ ತಿಳಿಯಾಗುವವರೆಗೆ ಚಿತ್ರ ಏನಾಯಿತೆಂದು ಕಲಾವಿದರಿಗೂ ತಿಳಿಯದಂತೆ, ನಿಜವೇ? ಓಡಿ ಬಂದು ಒತ್ತಿದಾಗ ನಿಮ್ಮ ಕೈ ಸುಟ್ಟಿತೇ? ನನ್ನ ಹೆಬ್ಬೆರಳಿನಲ್ಲಿ ಬೊಬ್ಬೆ ಎದ್ದಿದೆ.

ಒಂದು ಕೋರಿಕೆ. ಇದು ಯಾರ ಕೈಯೆಂದು ಫಲಕದಲ್ಲಿ ಬರೆಯಬೇಕೆಂದು ಅಕ್ಕೋರು ಕೇಳಿದರು. ಚಿತ್ರವನ್ನು ನೆಲದಿಂದ ಎತ್ತುವಾಗ ಕಾಗದದ ಹಿಂಬದಿಯಲ್ಲಿ ನಿಮ್ಮ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆದಿಡಿ. ನಾಳೆ ಬೆಳಿಗ್ಗೆ ಇಲ್ಲಿ ಚಿತ್ರವನ್ನು ಗೋಡೆಯಿಂದ ಇಳಿಸುತ್ತಾರೆ. ತಿರುಗಿಸಿ ನೋಡುತ್ತೇನೆಂದು ಅಕ್ಕೋರು ಮಾತು ಕೊಟ್ಟಿದ್ದಾರೆ. ನನ್ನನ್ನು ಒಳಗೆ ಬಿಡುವುದಿಲ್ಲ. ಗೇಟಿನ ಹೊರಗೆ ನಿಂತಿರುತ್ತೇನೆ.

ಶೆವಂತಿ